ತಾತನ ಕೆಂಪು ನಾಲಿಗೆ

ಪಾಂಡವಪುರದಲ್ಲಿ ನಮ್ಮ ಬೀದಿಗೆ ಬಂದು ದಿಂಬಿನಕ್ಕನ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ನನಗೆ ಈ ಹೆಸರು ಇಷ್ಟವಿಲ್ಲ. ನಾನು ಮಾಡುವುದು ದಿಂಬಿನ ಕವರು ಒಂದೇ ಅಲ್ಲ. ಮಕ್ಕಳು ಬರೆದ ಚಿತ್ರವನ್ನು ಬಟ್ಟೆಯಲ್ಲಿ ಕತ್ತರಿಸಿ, ಬಟ್ಟೆಯ ಮೇಲೇ ಹೊಲಿದು, ಗೋಡೆಗೆ ಹಾಕುವ ಹಾಗೆ ಮಾಡಿಕೊಡುತ್ತೇನೆ. ಬಾಗಿಲ ಪರದೆ ಮಾಡುತ್ತೇನೆ, ತೊಟ್ಟಿಲ ಹೊದಿಕೆ ಮಾಡುತ್ತೇನೆ. ಆಚಾರಿ ಹತ್ತಿರ ಹಲಗೆ ಕುಯ್ಯಿಸಿ ಅದರ ಮೇಲೆ ಬಟ್ಟೆ ಎಳೆದು ಕೂರಿಸುವುದೂ ಉಂಟು. ಆದರೆ ಮೊದಲು ಜನರ ಕಣ್ಣಿಗೆ ಬಿದ್ದದ್ದು ದಿಂಬು. ಹೆಸರು ಅಂಟಿಕೊಂಡಿತು, ಇನ್ನು ಬಿಡುವುದಿಲ್ಲ.

ಆ ಮೊದಲ ದಿಂಬು ನನ್ನ ಮಗಳದು. ಅವಳು ಅಂಗನವಾಡಿಗೆ ಹೋಗುತ್ತಿದ್ದಾಗ ನಾಲ್ಕು ಕಾಲಿನ ಕೋಳಿಯೊಂದನ್ನು ಬರೆದಿದ್ದಳು. ಆಗ ನಾನು ಊರವರ ರವಿಕೆ ಹೊಲಿಯುತ್ತಿದ್ದೆ. ಉಳಿದ ಚೂರುಗಳನ್ನು ಸೇರಿಸಿ ಆ ಕೋಳಿಯನ್ನು ದಿಂಬಿನ ಮೇಲೆ ಹೊಲಿದೆ. ಅಳತೆ ಕೊಡಲು ಬಂದ ಎದುರು ಮನೆಯವರು ನೋಡಿ, "ಕೋಳಿಗೆ ಎರಡೇ ಕಾಲು ಕಣಮ್ಮ, ನಿಂಗೆ ಅಷ್ಟೂ ಗೊತ್ತಿಲ್ವ?" ಎಂದರು. ಮೂಲೆಯಲ್ಲಿ ಆಡುತ್ತಿದ್ದ ಮಗಳು ತಲೆ ಎತ್ತದೆ, "ಅದು ಓಡ್ತಾ ಅದೆ" ಎಂದಳು. ಓಡುವ ಕೋಳಿಯನ್ನು ನೀವೂ ಒಮ್ಮೆ ನೋಡಿ. ಎರಡು ಕಾಲು ಕಂಡರೆ ಹೇಳಿ.

ಅವತ್ತಿನಿಂದ ನನ್ನದೊಂದು ಪಟ್ಟು. ಮಗು ಬರೆದದ್ದನ್ನು ತಿದ್ದುವುದಿಲ್ಲ. ಆರು ಬೆರಳಿದ್ದರೆ ಆರು, ಮೂಗಿಲ್ಲದಿದ್ದರೆ ಮೂಗಿಲ್ಲ. ಹೊಸಹೊಳಲಿನ ಒಬ್ಬ ಹುಡುಗ ಅವರೂರ ದೇವಸ್ಥಾನದ ಗೋಡೆಯ ಆನೆಗಳನ್ನು ಸಾಲಾಗಿ ಬರೆದು ಎಲ್ಲಕ್ಕೂ ಸ್ಕೂಲ್ ಬ್ಯಾಗು ಹಾಕಿದ್ದ. ಅಷ್ಟೂ ಬ್ಯಾಗನ್ನು ಹೊಲಿದೆ. ಮೇಲುಕೋಟೆಯ ಅರ್ಚಕರ ಮನೆಯ ಪುಟ್ಟಿ ದೇವರಿಗೆ ಕನ್ನಡಕ ಬರೆದಿದ್ದಳು. ಅವಳ ಅಪ್ಪನಿಗೆ ಗಾಬರಿ. "ತೆಗೀರಿ, ನೋಡಿದವರು ಏನಂತಾರೆ?" ಎಂದರು. ದಿನಾ ಎಣ್ಣೆದೀಪದ ಬೆಳಕಿನಲ್ಲಿ ಕೂತರೆ ಯಾರಿಗಾದರೂ ಕನ್ನಡಕ ಬರುತ್ತದೆ ಸ್ವಾಮಿ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಕನ್ನಡಕ ಉಳಿಯಿತು.

ಎಲ್ಲರೂ ಹಾಗೆ ನಗುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನ್ನ ಅನುಭವವೇ ಬೇರೆ. ಹೆಗ್ಗಣ ಮುದ್ದು, ನಿಜ. ಹೆಗ್ಗಣ ಬರೆದ ಚಿತ್ರ ಮಾತ್ರ ನೀಟಾಗಿರಬೇಕು. ನಾಗಮಂಗಲದಿಂದ, ಶ್ರೀರಂಗಪಟ್ಟಣದಿಂದ ಫೋನಿನಲ್ಲಿ ಫೋಟೊ ಕಳಿಸಿ, "ಮೇಡಂ, ಸ್ವಲ್ಪ ಸರಿ ಮಾಡ್ಕೊಂಡು ಹೊಲೀರಿ" ಎಂದು ಒಂದು ಸಾಲು ಬರೆಯುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೀಟಾದ ಚಿತ್ರ ಬೇಕಿದ್ದರೆ ಅಂಗಡಿಯಲ್ಲಿ ಕ್ಯಾಲೆಂಡರು ಸಿಗುತ್ತದೆ ಎಂದು ಉತ್ತರ ಕೊಡುತ್ತೇನೆ. ನನ್ನ ಗಂಡ ಇದನ್ನು ಕೇಳಿಸಿಕೊಂಡು, "ಹಿಂಗೆ ಮಾತಾಡಿದ್ರೆ ದಿಂಬಿನಕ್ಕನ ಮನೆಗೆ ತಲೆ ಇಡೋಕೂ ಯಾರೂ ಬರಲ್ಲ" ಎನ್ನುತ್ತಾರೆ. ಬರುವವರು ಬರುತ್ತಾರೆ.

ನಾನು ಫೋಟೊ ನೋಡಿ ಕೆಲಸ ಮಾಡುವುದಿಲ್ಲ. ಕಾಗದವೇ ಬೇಕು, ಕಾಗದದ ಜೊತೆ ಮಗುವೂ ಬರಬೇಕು. ಕಾಗದವನ್ನು ತಿರುವಿ ಹಿಂಭಾಗವನ್ನು ಬೆರಳಿನಿಂದ ಸವರುತ್ತೇನೆ. ಮಗು ಎಲ್ಲಿ ಬಣ್ಣದ ಕಡ್ಡಿಯನ್ನು ಒತ್ತಿದೆಯೋ ಅಲ್ಲಿ ಕಾಗದ ಉಬ್ಬಿರುತ್ತದೆ. ಬೇಜಾರಿನಿಂದ ತುಂಬಿಸಿದ ಆಕಾಶ ನುಣ್ಣಗಿರುತ್ತದೆ. ಮನಸ್ಸಿಟ್ಟು ಬರೆದದ್ದು ಕೈಗೆ ತಗಲುತ್ತದೆ. ಅಲ್ಲಿ ನಾನು ಎರಡು ಪದರ ಬಟ್ಟೆ ಹಾಕುತ್ತೇನೆ, ಮುಟ್ಟಿದವರಿಗೂ ತಗಲಲಿ ಎಂದು. ಇನ್ನೊಂದು ನಿಯಮವೆಂದರೆ, ಚಿತ್ರದಲ್ಲಿ ಯಾರಿದ್ದಾರೋ ಅವರು ಉಟ್ಟು ಬಿಟ್ಟ ಬಟ್ಟೆಯ ಒಂದು ತುಂಡು ತರಬೇಕು. ಹೊಸ ಬಟ್ಟೆಯಲ್ಲಿ ಮನುಷ್ಯರು ಬರುವುದಿಲ್ಲ.

ಹೋದ ವರ್ಷ ಮಾವಿನಕಾಯಿ ಕಾಲದಲ್ಲಿ ಅಕ್ಕಿಹೆಬ್ಬಾಳಿನ ಹತ್ತಿರದ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಒಂದು ಕೈಯಲ್ಲಿ ಮಗಳು, ಒಂದನೆಯ ತರಗತಿ ಮುಗಿಸಿದವಳು. ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ನೀರು ಕುಡಿದು ಸುಧಾರಿಸಿಕೊಂಡು ಅವಳು ಹೇಳಿದ್ದು ಚಿತ್ರದ ವಿಷಯವನ್ನಲ್ಲ, ಮಾವನ ವಿಷಯವನ್ನು.

ಅವರ ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿದ್ದರು. ಮನೆ ಕಟ್ಟಿ ನೋಡು ಅನ್ನುವುದು ಸುಮ್ಮನೆ ಅಲ್ಲ. ಕಟ್ಟುವಷ್ಟು ದಿನವೂ ಇಡೀ ಸಂಸಾರ ರಸ್ತೆಯ ಆಚೆಗಿನ ಕೊಟ್ಟಿಗೆಯ ಪಕ್ಕ ಶೀಟು ಹೊದಿಸಿದ ಶೆಡ್ಡಿನಲ್ಲಿ ಇತ್ತು. ಮಳೆಯಲ್ಲಿ ಸೋರಿದರೂ, ಬಿಸಿಲಲ್ಲಿ ಬೆಂದರೂ ಮಾವ ಒಂದು ಮಾತೂ ಆಡಿರಲಿಲ್ಲ. ಆಡಿದ್ದು ಒಂದೇ ವಿಷಯಕ್ಕೆ. ಹಳೆಯ ಮನೆಗೆ ಉದ್ದನೆಯ ಜಗುಲಿ ಇತ್ತು. ಮದುವೆಯಾದ ಹೊಸತರಲ್ಲಿ ತಾವೇ ಕಲ್ಲು ಎಳೆತಂದು ಹಾಕಿಸಿದ್ದಂತೆ. ಅತ್ತೆ ತೀರಿಕೊಂಡ ಮೇಲೆ ಅವರ ಊಟ, ನಿದ್ದೆ, ಎಲೆ ಅಡಿಕೆ, ಹಾಲಿನ ಡೇರಿಯವರ ಜೊತೆ ಜಗಳ, ಎಲ್ಲ ಅಲ್ಲೇ. ಹೊಸ ಮನೆಯ ಮುಂದೆ ಕಾರು ನಿಲ್ಲಿಸಬೇಕು ಎಂದು ಮಗ ಜಗುಲಿ ಕಟ್ಟಿಸದೆ ಬಿಟ್ಟುಬಿಟ್ಟ. ಕಾರು ಇನ್ನೂ ಬಂದಿರಲಿಲ್ಲ.

"ಕಾರಿಗೆ ಜಾಗ ಅದೆ, ನಂಗಿಲ್ಲ, ನೀವೇ ಇರ್ರಪ್ಪಾ ಅಂದ್ಬುಟ್ರು ಕಣಕ್ಕ" ಎಂದಳು. "ಜಗ್ಲಿದು ಒಂದು ಚಪ್ಪಡಿ ಕಲ್ಲ ಕೊಟ್ಗೆ ಮುಂದಕ್ಕೆ ಎಳ್ಸ್ಕಂಡು ಅದ್ರ ಮ್ಯಾಲೇ ಕುಂತವ್ರೆ. ಗೃಹಪ್ರವೇಶಕ್ಕೆ ಅಸು ಬೇಕಲ್ಲ ಮಾವ, ಮೊದ್ಲು ಅದ್ನೇ ಅಲ್ವ ಒಳಿಕ್ಕೆ ಬುಡದು ಅಂದೆ. ಅಸು ಓಗ್ಲಿ, ನಾ ಬರಕಿಲ್ಲ ಅಂದ್ರು."

ಮಗನಿಗೂ ಅಪ್ಪನಿಗೂ ಮಾತು ನಿಂತಿತ್ತು. ಮಗ ಒಳಗೊಳಗೇ ಕೊರಗುತ್ತಿದ್ದನಂತೆ, ಬಾಯಿ ಬಿಡುತ್ತಿರಲಿಲ್ಲವಂತೆ. ಅಪ್ಪನ ಮಗನೇ ತಾನೆ. ಮನೆಯ ಹಿರಿಯರು ಕೊಟ್ಟಿಗೆಯಲ್ಲಿ ಕೂತಿರುವಾಗ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ಹೇಗೆ ಎಂದು ಇವಳಿಗೆ ನಿದ್ದೆ ಇರಲಿಲ್ಲ. ಆಗ ಮಗಳು ಶಾಲೆಯ ಹಾಳೆಯಲ್ಲಿ ತಾತನನ್ನು ಬರೆದದ್ದು ಕಣ್ಣಿಗೆ ಬಿತ್ತು. ಇದನ್ನು ದೊಡ್ಡದಾಗಿ ಮಾಡಿಸಿ ಹೊಸ ನಡುಮನೆಯ ಗೋಡೆಗೆ ಹಾಕಿ, ನಿಮ್ಮ ಜಾಗ ಇಲ್ಲಿದೆ ಮಾವ ಎಂದರೆ ಕರಗುತ್ತಾರೇನೋ ಎಂಬುದು ಅವಳ ಆಸೆ.

ಒಳ್ಳೆಯ ಆಸೆಯೇ. ಹಾಳೆ ಕೊಡು ಎಂದೆ. ಕೊಟ್ಟಳು. ತೊಡೆಯ ಮೇಲೆ ಇಟ್ಟು ನೋಡಿದೆ.

ಮೈಗಿಂತ ದೊಡ್ಡ ತಲೆ. ತಟ್ಟೆಯಂಥ ಎರಡು ಕಣ್ಣು. ಕಿವಿ ದಾಟಿ ಹೋದ ಕಪ್ಪು ಮೀಸೆ. ಬಾಯಿಯ ಎರಡು ಕೊನೆಯಲ್ಲಿ ಎರಡು ಹಲ್ಲು, ನಡುವೆ ಗದ್ದದವರೆಗೆ ಇಳಿದ ಕೆಂಪು ನಾಲಿಗೆ. ಹೆಗಲ ಮೇಲೆ ಕೆಂಪು ಚೌಕದ ಟವಲು, ಕೆಳಗೆ ಹಾಳೆಯ ಈ ತುದಿಯಿಂದ ಆ ತುದಿಗೆ ಒಂದು ಬೂದು ಗೆರೆ.

ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ. ಕಣ್ಣು ಯಾಕೆ ಇಷ್ಟು ದೊಡ್ಡದು?

"ನಾ ಬಿದ್ರೆ ತಾತ ಇಂಗೆ ನೋಡ್ತದೆ" ಎಂದು ತನ್ನ ಕಣ್ಣನ್ನೂ ಅಗಲಿಸಿ ತೋರಿಸಿದಳು. ಮೀಸೆಯನ್ನು ಎಳೆದರೆ ಅಷ್ಟುದ್ದ ಬರುತ್ತದೆ, ತಾನೇ ಎಳೆದು ನೋಡಿದ್ದೇನೆ ಎಂದಳು. ಹಲ್ಲು ಇರುವುದೇ ಎರಡು. ಬೂದು ಗೆರೆ ಜಗುಲಿ. "ಜಗ್ಲಿ ಇನ್ನೂ ಉದ್ದ ಅದೆ. ಪೇಪರು ಸಾಕಾಗ್ನಿಲ್ಲ."

"ನಾಲಿಗೆ?"

"ನಾನೇ ತಾತಂಗೆ ಎಲೆ ಅಡ್ಕೆ ಕುಟ್ಟಿ ಕೊಡದು" ಎಂದಳು. ಅಗಿಯಲು ಹಲ್ಲಿಲ್ಲದ ತಾತನಿಗೆ ಎಲೆ ಅಡಿಕೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಜಜ್ಜಿ ಕೊಡುವ ಕೆಲಸ ಇವಳದಂತೆ. ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತಿಗೆ ತಾತ ನಾಲಿಗೆ ಚಾಚಿ ತೋರಿಸಬೇಕು. ಕೆಂಪಗಾಗಿದ್ದರೆ ಚೆನ್ನಾಗಿ ಕುಟ್ಟಿದ್ದಾಳೆ ಎಂದು ಲೆಕ್ಕ. ಆಗದಿದ್ದರೆ ನಾಳೆ ಸುಣ್ಣ ಜಾಸ್ತಿ. ಇದನ್ನೆಲ್ಲ ಅವಳು ಬಲು ಗಂಭೀರವಾಗಿ, ಕೆಲಸಗಾರರು ಕೆಲಸದ ಬಗ್ಗೆ ಮಾತಾಡುವ ಹಾಗೆ ಹೇಳಿದಳು.

ಹಾಳೆಯನ್ನು ತಿರುವಿ ಹಿಂಭಾಗ ಸವರಿದೆ. ನಾಲಿಗೆಯ ಜಾಗ ಹೊರಗೆ ಉಬ್ಬಿ, ಒಂದು ಕಡೆ ಹರಿದೂ ಇತ್ತು. ಕೆಂಪು ಕಡ್ಡಿಯನ್ನು ಅಷ್ಟು ಒತ್ತಿದ್ದಳು.

ಅವಳ ಅಮ್ಮ ಹತ್ತಿರ ಸರಿದು ತಗ್ಗಿದ ದನಿಯಲ್ಲಿ, "ಆ ನಾಲ್ಗೆ ಒಂದು ತಗ್ದ್ಬುಡಕ್ಕ" ಎಂದಳು. "ಮೊದ್ಲೇ ಕ್ವಾಪದಲ್ಲವ್ರೆ. ನನ್ನ ರಾಕ್ಷಸನ್ನ ಮಾಡವ್ಳೆ ಸೊಸೆ ಅಂದ್ರೆ ಏನ್ ಮಾಡ್ಲಿ?"

"ನಾಲಿಗೆ ತೆಗೆದರೆ ಚಿತ್ರವೇ ಬೇಡ. ತಗೊಂಡು ಹೋಗು" ಎಂದೆ. ಒರಟಾಗಿಯೇ ಅಂದೆ. ಅವಳ ಕಣ್ಣು ತುಂಬಿತು. ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಹಚ್ಚಿ ಮಗುವಿನ ಕೈಗೆ ಕೊಟ್ಟು ಆಚೆ ಕಳಿಸಿ, ಅವಳಿಗೆ ಸಮಾಧಾನದಿಂದ ಹೇಳಿದೆ: ಮಗು ಬರೆದಿರುವುದೇ ಆ ನಾಲಿಗೆಯನ್ನು, ಮಿಕ್ಕದ್ದೆಲ್ಲ ಅದಕ್ಕೆ ಆಸರೆ. ನಾಲಿಗೆ ಕಿತ್ತರೆ ನಿನ್ನ ಮಾವನಿಗೆ ತೋರಿಸಲು ಒಂದು ಮೀಸೆ ಉಳಿಯುತ್ತದೆ. ಮೀಸೆ ಅವರ ಹತ್ತಿರವೇ ಇದೆ.

ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಚೀಲದಿಂದ ಒಂದು ಹಳೆಯ ಟವಲು ತೆಗೆದುಕೊಟ್ಟಳು. ಕೆಂಪು ಚೌಕದ್ದು, ಒಗೆದೊಗೆದು ತೆಳ್ಳಗಾಗಿತ್ತು. ಮಾವನಿಗೆ ಗೊತ್ತಾಗದಂತೆ ತಂದಿದ್ದಳು. ಎಲ್ಲಿ ಹೋಯಿತು ಎಂದು ಅವರು ಎರಡು ದಿನದಿಂದ ಶೆಡ್ಡೆಲ್ಲ ತಡಕುತ್ತಿದ್ದರಂತೆ.

ಆ ಕೆಲಸವನ್ನು ನಾನು ಇಷ್ಟಪಟ್ಟು ಮಾಡಿದೆ. ಆಚಾರಿಯ ಹತ್ತಿರ ಪ್ಲೈವುಡ್ಡನ್ನು ತಲೆ, ಮೀಸೆಯ ಆಕಾರಕ್ಕೆ ಕುಯ್ಯಿಸಿ, ಕೆಳಗೆ ಜಗುಲಿಗೆ ಒಂದು ಉದ್ದ ಪಟ್ಟಿ ಬಿಡಿಸಿದೆ. "ಏನಕ್ಕ, ಭೂತಾನ?" ಎಂದ ಆಚಾರಿ. ನೋಡಿಕೊಂಡು ಕುಯ್ಯಿ, ಅದು ಒಬ್ಬರ ತಾತ ಎಂದೆ. ಮುಖಕ್ಕೆ ಕಾವಿಗೆ ಹತ್ತಿರದ ಕೆಂಪು ಬಟ್ಟೆ, ಮೀಸೆಗೆ ಕಪ್ಪು ಉಣ್ಣೆ, ಹೆಗಲಿಗೆ ಅವರದೇ ಟವಲಿನ ತುಂಡು. ನಾಲಿಗೆಗೆ ಹಳೆಯ ರೇಷ್ಮೆ ಸೀರೆಯ ಅಂಚು ಎರಡು ಪದರ ಹಾಕಿ, ಒಳಗೆ ಸ್ವಲ್ಪ ಹತ್ತಿ ತುಂಬಿದೆ. ಮುಗಿದ ಮೇಲೆ ಗೋಡೆಗೆ ಒರಗಿಸಿ ನೋಡಿದರೆ, ಈಗ ಏನೋ ಕೇಳುತ್ತಾರೆ ಅನ್ನಿಸುತ್ತಿತ್ತು. ನನ್ನ ಗಂಡ ಕಾಫಿ ಲೋಟ ಹಿಡಿದು ಬಂದವರು ಅದರ ಮುಂದೆ ನಿಂತು, "ನಾನು ಬೇರೆ ರೂಮಲ್ಲಿ ಕುಡೀತೀನಿ" ಎಂದು ಹೋದರು.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಮಗುವಿನ ಅಪ್ಪ ಬೈಕಿನಲ್ಲಿ ಬಂದ. ಮಾತು ಕಮ್ಮಿ. ಕಾಗದದಲ್ಲಿ ಸುತ್ತಿದ್ದನ್ನು ಬಿಚ್ಚಿ ತೋರಿಸಲೇ ಎಂದರೆ, "ಬ್ಯಾಡ ಬುಡಕ್ಕ, ನಾಳೆ ಎಲ್ರ ಜೊತೆ ನೋಡ್ತೀನಿ. ನೀವೂ ಬರ್ಬೇಕು" ಎಂದ. ಬೈಕಿನ ಹಿಂದೆ ಕಟ್ಟಿಕೊಂಡು, ಗಂಟನ್ನು ಎರಡು ಸಲ ಎಳೆದು ನೋಡಿ ಹೋದ.

ಮರುದಿನ ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಪೂಜೆ ಬೆಳಗಿನ ಜಾವವೇ ಮುಗಿದಿತ್ತು, ಇನ್ನು ಊಟ. ಗದ್ದೆ ಬಯಲಿನ ಕಡೆಯಿಂದ ಗಾಳಿ ಬರುತ್ತಿತ್ತು. ಹಸಿರು ಬಣ್ಣದ ಹೊಸ ಮನೆ ರಸ್ತೆಯ ತಿರುವಿನಲ್ಲೇ ಕಂಡಿತು. ಕಂಡಿತು ಅಂದರೆ, ಮನೆಗಿಂತ ಮೊದಲು ಕಂಡದ್ದು ತಾತ.

ಮಹಡಿಯ ಮುಂದಿನ ಗೋಡೆಯ ನಟ್ಟನಡುವೆ, ರಸ್ತೆಗೆ ಮುಖ ಮಾಡಿ, ನಾನು ಹೊಲಿದ ತಾತನನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಕಪ್ಪು ದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕೊರಳಿಗೆ ಹಾಕಿದ್ದರು. ಒಂದು ಪಕ್ಕ ಲೋಳೆಸರದ ಗಿಡ ತಲೆಕೆಳಗಾಗಿ ನೇತಾಡುತ್ತಿತ್ತು. ಇನ್ನೊಂದು ಪಕ್ಕ ಒಂದು ಹರಿದ ಎಕ್ಕಡ.

ಹೊಸ ಮನೆಗೆ ಕಣ್ಣು ತಾಕದಿರಲಿ ಎಂದು ನಮ್ಮ ಕಡೆ ದೃಷ್ಟಿಬೊಂಬೆ ಕಟ್ಟುತ್ತಾರಲ್ಲ, ಗುಡ್ಡೆ ಕಣ್ಣು, ಕೋರೆಹಲ್ಲು, ಚಾಚಿದ ನಾಲಿಗೆಯ ರಾಕ್ಷಸ, ಅದರ ಜಾಗ ಅದು. ಗಾರೆ ಮೇಸ್ತ್ರಿ ವಾರದಿಂದ, ಗೊಂಬೆ ತನ್ನಿ, ಗೊಂಬೆ ತನ್ನಿ ಎಂದು ಯಜಮಾನನ ಬೆನ್ನು ಬಿದ್ದಿದ್ದನಂತೆ. ಹಿಂದಿನ ದಿನ ಮಗ ಈ ಕಟ್ಟನ್ನು ಹೊಸ ಮನೆಯೊಳಗೆ ಇಟ್ಟು ಶಾಮಿಯಾನದವರ ಹತ್ತಿರ ಓಡಿದ. ಮೇಸ್ತ್ರಿ ಬಿಚ್ಚಿ ನೋಡಿದ. ಅಂತೂ ತಂದರಲ್ಲ, ಅದೂ ಎಂಥ ಗೊಂಬೆ ಎಂದು ಸಂತೋಷಪಟ್ಟು, ಕತ್ತಲಾಗುವ ಹೊತ್ತಿಗೆ ಏಣಿ ಹಾಕಿ, ಶಾಸ್ತ್ರಕ್ಕೆ ಒಂದಿಷ್ಟೂ ಕಮ್ಮಿಯಾಗದಂತೆ ಕಟ್ಟಿ ಹೋಗಿದ್ದ. ಕತ್ತಲಲ್ಲೇ ಒಳಗೆ ಸೇರಿ ಹೋಮದ ಹೊಗೆಯಲ್ಲಿ ಕೂತ ಮನೆಯವರು ಯಾರೂ ತಲೆ ಎತ್ತಿ ನೋಡಿರಲಿಲ್ಲ. ನಾನು ಹೋದಾಗ ಸೊಸೆ ಒಳಗೆ ಪಾತ್ರೆಗಳ ನಡುವೆ, ಅಕ್ಕಿ ಮೂಟೆಯ ಹಿಂದೆ ಆ ಕಟ್ಟನ್ನು ಹುಡುಕುತ್ತಿದ್ದಳು.

ಅವಳ ಕೈ ಹಿಡಿದು ಆಚೆ ಕರೆತಂದು ಮೇಲೆ ತೋರಿಸಿದೆ. ಅವಳು ಮೇಲೆ ನೋಡಿದಳು, ಆಮೇಲೆ ರಸ್ತೆಯ ಆಚೆ ನೋಡಿದಳು.

ಆಚೆ ಕೊಟ್ಟಿಗೆಯ ಮುಂದೆ ಚಪ್ಪಡಿಯ ಮೇಲೆ ಮುದುಕರು ಕೂತಿದ್ದರು. ಒಗೆದ ಪಂಚೆ, ಬಿಳಿ ಅಂಗಿ. ಬರುವುದಿಲ್ಲ ಎಂದವರು ಗೃಹಪ್ರವೇಶಕ್ಕೆ ತಕ್ಕ ಬಟ್ಟೆಯನ್ನೇ ಹಾಕಿದ್ದರು. ಅದನ್ನು ನೋಡಿ ನನಗೆ ಇನ್ನೂ ಸಂಕಟವಾಯಿತು. ಕಣ್ಣಿಗೆ ಕೈ ಅಡ್ಡ ಹಿಡಿದು ಅವರು ಮಹಡಿಯನ್ನೇ ನೋಡುತ್ತಿದ್ದರು. ಬೆಳಕು ಹರಿದಾಗಿನಿಂದ ಹಾಗೇ ನೋಡುತ್ತಿದ್ದಾರೆ ಎಂದು ಹಾಲು ತಂದವನೊಬ್ಬ ಹೇಳಿದ.

ಮನೆಯ ಒಳಗೆ ಜಾಗವಿಲ್ಲ ಅಂದದ್ದು ಸಾಲದೆಂದು ಮನೆಯ ಹೊರಗೆ ರಾಕ್ಷಸನನ್ನಾಗಿ ಮಾಡಿ, ಪಕ್ಕದಲ್ಲಿ ಎಕ್ಕಡ ಕಟ್ಟಿದ್ದಾರೆ. ಯಾವ ಅಪ್ಪ ಇದನ್ನು ಬೇರೆ ರೀತಿ ತಿಳಿದುಕೊಂಡಾನು? ಆ ನಾಲಿಗೆಯನ್ನು ತೆಗೆದಿದ್ದರೆ ಮೇಸ್ತ್ರಿಗೆ ಈ ಭ್ರಮೆ ಬರುತ್ತಿತ್ತೇ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ. ಪಟ್ಟು ಹಿಡಿದವಳು ನಾನು, ಅನುಭವಿಸುವವಳು ಅವಳು.

ಮಗ ಬಂದ, ನೋಡಿದ, ಹಣೆ ಚಚ್ಚಿಕೊಂಡ. "ಏಣಿ ತಗಬನ್ರೋ" ಎಂದು ಕೂಗಿ, ಯಾರೂ ತರುವುದಕ್ಕೆ ಕಾಯದೆ ತಾನೇ ಹೋಗಿ ಎಳೆತಂದು ಗೋಡೆಗೆ ನಿಲ್ಲಿಸಿದ. ಎರಡು ಮೆಟ್ಟಿಲು ಹತ್ತಿದ್ದಾನೆ, ರಸ್ತೆಯ ಆಚೆಯಿಂದ ದನಿ ಬಂತು.

"ಲೇ. ಇಳೀಲಾ ಕೆಳೀಕೆ."

ಎಷ್ಟೋ ತಿಂಗಳ ಮೇಲೆ ಅಪ್ಪ ಮಗನಿಗೆ ಆಡಿದ ಮೊದಲ ಮಾತು ಅದು. ಮಗ ಇಳಿದು ನಿಂತ. ಮುದುಕರು ಕೋಲು ಊರಿಕೊಂಡು ಎದ್ದು ರಸ್ತೆ ದಾಟಿದರು. ಊಟಕ್ಕೆ ಬಂದ ನೆಂಟರು ಎರಡು ಪಕ್ಕ ಸರಿದು ದಾರಿ ಬಿಟ್ಟರು. ನಾನು ಸೊಸೆಯ ಕೈಯನ್ನು ಬಿಟ್ಟಿರಲಿಲ್ಲ. ಮುದುಕರು ಹೊಸ ಮನೆಯ ಮುಂದೆ ಬಂದು, ಕತ್ತು ಎತ್ತಿ, ಗೊಂಬೆಯ ಹೆಗಲಿಗೆ ಕೋಲು ತೋರಿಸಿದರು.

"ಅದು ನನ್ ಟವಲ್ಲು" ಎಂದರು.

ಆಮೇಲೆ ಸೊಸೆಯ ಕಡೆ ತಿರುಗಿದರು.

"ಮೂರು ವಾರದಿಂದ ಉಡುಕ್ತಾ ಇವ್ನಿ. ಕೇಳುದ್ರೆ ಗೊತ್ತಿಲ್ಲ ಅಂದ್ರಲ್ಲ ಎಲ್ರೂವೆ. ಅಲ್ಲಿಗೆ ಯಂಗೆ ಓಯ್ತು?"

ಸೊಸೆ ನನ್ನ ಹಿಂದಕ್ಕೆ ಸರಿದಳು. ಆ ಹೊತ್ತಿಗೆ ಜರಿ ಲಂಗ ಎತ್ತಿ ಹಿಡಿದುಕೊಂಡು ಒಳಗಿಂದ ಮಗು ಓಡಿಬಂತು. ಗೊಂಬೆ ಎಲ್ಲಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತಂತೆ. ಮೇಸ್ತ್ರಿ ಕಟ್ಟುವಾಗ ಕೆಳಗೆ ನಿಂತು ನೋಡಿದ್ದಳು. ಎಲ್ಲಕ್ಕಿಂತ ಎತ್ತರದ ಜಾಗ, ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತದೆ ಎಂದು ಅವಳಿಗೆ ಖುಷಿಯೇ ಆಗಿತ್ತು. ತಾತ ಬರುವವರೆಗೆ ಯಾರಿಗೂ ಹೇಳಬೇಡ ಎಂದು ಅಮ್ಮ ಮೊದಲೇ ಅಂದಿದ್ದಳು, ಆದ್ದರಿಂದ ಹೇಳಿರಲಿಲ್ಲ.

"ತಾತ, ನಾನೇ ಬರ್ದಿದ್ದು" ಎಂದಳು.

"ಯಾರವ್ವ ಅದು?"

"ನೀನೇ ಕಣ್ ತಾತ."

ಮುದುಕರು ಮತ್ತೆ ಮೇಲೆ ನೋಡಿದರು. "ನಾನು ಇಂಗಿವ್ನಾ?"

"ಊಂ" ಎಂದು ಅವಳು ಅನುಮಾನವಿಲ್ಲದೆ ತಲೆಯಾಡಿಸಿದಳು. "ಜಗ್ಲಿ ಮ್ಯಾಲೆ ಕುಂತಿದ್ದೀಯಲ್ಲ. ನಾ ಕುಟ್ಟಿ ಕೊಟ್ಟಿವ್ನಿ. ಎಷ್ಟು ಕೆಂಪ್ಗಾಗದೆ ಅಂತ ತೋರುಸ್ತಾ ಇದ್ದೀಯ."

ಅವರು ಕೋಲಿನ ಮೇಲೆ ಭಾರ ಬಿಟ್ಟರು. ಗದ್ದ ಒಂದೆರಡು ಸಲ ಅದುರಿತು. ಅಷ್ಟು ಜನರ ಮುಂದೆ ಅದು ಅವರಿಗೆ ಇಷ್ಟವಾಗಲಿಲ್ಲವೆಂದು ಕಾಣುತ್ತದೆ, ಮೀಸೆಯನ್ನು ಕೈಯಿಂದ ಒರೆಸಿಕೊಂಡರು. ನಾನು ಅತ್ತ ತಿರುಗಿದೆ. ನನಗೂ ಕಣ್ಣು ತುಂಬಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಗ ತಗ್ಗಿದ ದನಿಯಲ್ಲಿ, "ತಪ್ಪಾಗ್ಬುಟ್ಟದೆ ಕಣಪ್ಪಾ. ಮೇಸ್ತ್ರಿ ಗೊತ್ತಾಗ್ದೆ ಕಟ್ಬುಟ್ಟವ್ನೆ. ಒಳಗಡೆ ಗ್ವಾಡೆಗೆ ಅಂತ ಮಾಡ್ಸಿದ್ದು. ಈಗ್ಲೇ ಬಿಚ್ಚಿ ಒಳೀಕೆ ಆಕ್ತೀನಿ" ಎಂದ.

"ಯಾಕ್ಲಾ ಬಿಚ್ಚೀಯೆ? ಅವ್ನು ಅಲ್ಲೇ ಇರ್ಲಿ ಬುಡು" ಎಂದರು ಮುದುಕರು. "ಬರೋ ಓಗೋರ್ ಕಣ್ಣ ಅವ್ನು ನೋಡ್ಕತನೆ. ಒಳೀಕೆ ನಾನೇ ಬತ್ತಿವ್ನಲ್ಲ, ಗ್ವಾಡೆ ಮ್ಯಾಲೆ ಇನ್ನೊಬ್ಬ ಯಾಕೆ?"

ಮಗ ತಲೆ ತಗ್ಗಿಸಿದ. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಆ ಎಕ್ಕಡ ಒಂದ ಬಿಚ್ಚಾಕು" ಎಂದು ಸೇರಿಸಿದರು. ಆಗ ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

ಒಳಗೆ ಹೋಗುವ ಮುನ್ನ ಅವರು ಬೇಲಿಯ ಪಕ್ಕ ಹೋಗಿ ಬಾಯಿಯ ಎಲೆ ಅಡಿಕೆಯನ್ನು ಉಗಿದರು. ಅಂಗಳದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಕಾಲು ತೊಳೆದರು. ಎಲೆ ಅಡಿಕೆಯನ್ನು ಯಾರಿಗಾಗಿಯೂ ಉಗಿದವರಲ್ಲ ಎಂದು ಸೊಸೆ ನನ್ನ ಕಿವಿಯಲ್ಲಿ ಹೇಳಿದಳು. ಬಲಗಾಲು ಇಡು ತಾತ ಎಂದು ಮಗು ಅವರ ಮೊಣಕಾಲನ್ನೇ ಹಿಡಿದು ತೋರಿಸಿಕೊಟ್ಟಳು. ಹೊಸಿಲಿನ ಮೇಲಿದ್ದ ರಂಗೋಲಿಯನ್ನು ತುಳಿಯದಂತೆ ದಾಟಿ ಒಳಗೆ ಹೋದರು.

ಊಟಕ್ಕೆ ಕಾಯಿ ಹೋಳಿಗೆ ಇತ್ತು. ನಾನು ಎರಡನೆಯದಕ್ಕೆ ಕೈ ಹಾಕಿದಾಗ ನಡುಮನೆಯ ಕಡೆಯಿಂದ ಟಕ ಟಕ ಎಂದು ಸದ್ದು ಶುರುವಾಯಿತು. ಎದ್ದು ಕೈ ತೊಳೆದು ಹೋಗಿ ನೋಡಿದರೆ, ಮುದುಕರು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾರೆ. ಸೊಂಟದ ಚೀಲದಿಂದ ಕುಟ್ಟಾಣಿ ಹೊರಬಂದಿದೆ. ಮಗು ಜರಿ ಲಂಗವನ್ನು ಮಡಿಸಿ ಕೂತು, ತುಟಿ ಕಚ್ಚಿಕೊಂಡು, ಫಳಫಳ ಹೊಳೆಯುವ ಹೊಸ ನೆಲದ ಮೇಲೆ ಎಲೆ ಅಡಿಕೆ ಕುಟ್ಟುತ್ತಿದೆ.

"ಟೈಲ್ಸ್ ಒಡ್ದೋಯ್ತದೆ ಕಣೇ" ಎಂದು ಸೊಸೆ ಅಡುಗೆಮನೆಯಿಂದ ಕೂಗಿದಳು.

ಮುದುಕರು ಮಗನ ಕಡೆ ತಿರುಗಿ, "ಆ ಚಪ್ಪಡಿಯ ಈ ಕಡೀಕೆ ಎಳ್ಸಾಕ್ಲಾ. ಬಾಗ್ಲ ಪಕ್ಕ ಇರ್ಲಿ. ನಿನ್ ಕಾರು ಬಂದಾಗ ಬರ್ಲಿ" ಎಂದರು. ಮಗ ಊಟ ಮಾಡಿರಲಿಲ್ಲ. ಆದರೂ ಆಗಲೇ ನಾಲ್ಕು ಜನರನ್ನು ಕರೆದುಕೊಂಡು ರಸ್ತೆಯ ಆಚೆ ಹೋದ.

ಮಗು ಕುಟ್ಟಿದ್ದನ್ನು ಬೆರಳಿನಿಂದ ತೆಗೆದು ತಾತನ ಬಾಯಿಗೇ ಇಟ್ಟಳು. ಅವರು ಅಗಿದರು. ಅವಳು ಎದುರು ಕೂತು, ಕೈ ಕಟ್ಟಿ, ಕಾದಳು. ಹೊರಗೆ ಗಂಡಸರು ಚಪ್ಪಡಿ ಎಳೆಯುವ ಸದ್ದು ಹತ್ತಿರವಾಗುತ್ತಿತ್ತು.

"ತಾತ, ನಾಲ್ಗೆ ತೋರ್ಸು" ಎಂದಳು.

ಅವರು ನನ್ನನ್ನು ಒಮ್ಮೆ ನೋಡಿದರು. ನಾನು ಯಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಕಣ್ಣು ಅಗಲಿಸಿ, ಇರುವ ಎರಡು ಹಲ್ಲಿನ ನಡುವಿನಿಂದ ನಾಲಿಗೆಯನ್ನು ಗದ್ದದವರೆಗೆ ಚಾಚಿದರು. ಬಣ್ಣ ಇನ್ನೂ ಸರಿಯಾಗಿ ಬಂದಿರಲಿಲ್ಲ. ಮಗು ಬಗ್ಗಿ ಚೆನ್ನಾಗಿ ನೋಡಿ, ನಾಳೆ ಇಲ್ಲೇ ಕೂತು ಇನ್ನೂ ಸ್ವಲ್ಪ ಸುಣ್ಣ ಹಾಕಿ ಕುಟ್ಟುತ್ತೇನೆ ಎಂದಳು.